ಭಂಡಾರದ ಕೀಲಿಕೈ



ಕಳೆದ ಸೋಮವಾರ ಪ್ರವಚನ ಮುಗಿದ ಮೇಲೆ ಪೇಟೆಯ ಭಕ್ತರೊಬ್ಬರು ನಮ್ಮಲ್ಲಿಗೆ ಬಂದು, “ಬುದ್ಧೀ, ವ್ಯಾಪಾರಸ್ಥನಾದವನು ರಾಜಕಾರಣಕ್ಕೆ ಇಳಿಯಬಹುದೇ?” ಎಂದು ಕೇಳಿದರು. ಆಗ ನಾವು ಉತ್ತರ ಕೊಡಲಿಲ್ಲ. ಇಂದು ವರ್ಧೆಯ ಜಮ್ನಾಲಾಲ್ ಬಜಾಜರ ವಿಷಯ ಹೇಳುತ್ತೇವೆ. ಬಜಾಜ್ ಎಂದೊಡನೆ ನಿಮಗೆ ಸ್ಕೂಟರು ನೆನಪಾಗುವುದು. ಆ ಮನೆತನದ ಹಿರಿಯರು ಇವರು. ಸ್ಕೂಟರು ಬಂದದ್ದು ಇವರ ಕಾಲಾನಂತರ.

1889ರಲ್ಲಿ ರಾಜಸ್ಥಾನದ ಸೀಕರದ ಹತ್ತಿರ ಒಂದು ಹಳ್ಳಿಯ ಬಡ ಮನೆಯಲ್ಲಿ ಹುಟ್ಟಿದ ಈ ಕೂಸನ್ನು ವರ್ಧೆಯ ಸೇಠ್ ಬಚ್ಛರಾಜರು ಮೊಮ್ಮಗನಾಗಿ ದತ್ತಕ ತೆಗೆದುಕೊಂಡರು. ಹುಡುಗನಿಗೆ ಹದಿನೇಳು ವರ್ಷ. ಒಂದು ಮದುವೆಗೆ ಒಡವೆ ಹಾಕಿಕೊಂಡು ಹೋಗಬೇಕೆಂದು ಅಜ್ಜನ ಹಟ, ಒಲ್ಲೆನೆಂದು ಹುಡುಗನ ಹಟ. ಅಜ್ಜ ಸಿಟ್ಟಿನಲ್ಲಿ ಹಣದ ಮಾತೆತ್ತಿ ಹಂಗಿಸಿದರು. ಹುಡುಗ ಕಾಗದ ಬರೆದಿಟ್ಟ: ನಿಮ್ಮ ಆಸ್ತಿಯಲ್ಲಿ ನನಗೆ ಯಾವ ಹಕ್ಕೂ ಬೇಡ. ಬರೆದವನೇ ಮನೆ ಬಿಟ್ಟ. ಹುಡುಕಿಸಿ ಕರೆತಂದರು, ಅಜ್ಜನ ತರುವಾಯ ಆಸ್ತಿಯೂ ಬಂತು. ಆದರೆ ಒಮ್ಮೆ ಬಿಟ್ಟುಕೊಟ್ಟದ್ದನ್ನು ಮತ್ತೆ ತನ್ನದೆಂದು ತಿಳಿಯುವುದು ಹೇಗೆ?

ನಮ್ಮ ಸ್ಮೃತಿಗಳು ಹೇಳುವ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವೆಂಬುದು ಒಂದು. ಒಬ್ಬನು ನಂಬಿ ಇಟ್ಟ ಒಡವೆಯನ್ನು ಇನ್ನೊಬ್ಬನು ಕಾಯುವುದು. ಕಾಯುವವನು ಅದನ್ನು ಬಳಸುವಂತಿಲ್ಲ, ತನ್ನದೆನ್ನುವಂತಿಲ್ಲ. ನಾವು ಪಾಠಶಾಲೆಯಲ್ಲಿ ಇದನ್ನು ಪರೀಕ್ಷೆಗೆಂದು ಉರು ಹಾಕಿದೆವು. ಜಮ್ನಾಲಾಲರು ಬದುಕಿ ತೋರಿಸಿದರು.

ವ್ಯಾಪಾರವನ್ನು ಅವರು ಬಿಡಲಿಲ್ಲ. ಹತ್ತಿಯ ವ್ಯವಹಾರ, ಆಮೇಲೆ ಸಕ್ಕರೆ ಕಾರಖಾನೆ, ಎಲ್ಲವೂ ನಡೆದವು. 1920ರ ನಾಗಪುರ ಕಾಂಗ್ರೆಸ್ಸಿಗೆ ಸ್ವಾಗತಾಧ್ಯಕ್ಷರಾದರು. ತನ್ನನ್ನು ಐದನೆಯ ಮಗನೆಂದು ತಿಳಿಯಿರೆಂದು ಗಾಂಧೀಜಿಯವರನ್ನು ಬೇಡಿಕೊಂಡರು. ಸರಕಾರ ಕೊಟ್ಟ ರಾಯಬಹದ್ದೂರ್ ಪದವಿಯನ್ನು ಹಿಂದಿರುಗಿಸಿದರು. ಅಸಹಕಾರಕ್ಕಾಗಿ ಕೋರ್ಟು ಬಿಟ್ಟ ವಕೀಲರ ಸಂಸಾರ ನಡೆಯಲೆಂದು ಒಂದು ಲಕ್ಷ ರೂಪಾಯಿ ಕೊಟ್ಟರು. ಆ ಕಾಲದ ಲಕ್ಷ! 1923ರ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದರು. 1939ರಲ್ಲಿ ನಿಷೇಧ ಮೀರಿ ಜಯಪುರ ಸಂಸ್ಥಾನವನ್ನು ಹೊಕ್ಕು ಮತ್ತೆ ಸೆರೆಯಾದರು. ಇಷ್ಟರ ನಡುವೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾಂಗ್ರೆಸ್ಸಿನ ಖಜಾಂಚಿ. ಬಿಜ್ಜಳನ ಭಂಡಾರದ ಹೊಣೆ ಹೊತ್ತ ನಮ್ಮ ಬಸವಣ್ಣನವರಿಗೆ ಬಂದ ಅಪವಾದ ನಿಮಗೆ ಗೊತ್ತು. ಕೀಲಿಕೈ ಹಿಡಿದವನ ಮೇಲೆ ಊರ ಕಣ್ಣೆಲ್ಲ ಇರುತ್ತದೆ.

ಆದರೆ ಭಕ್ತರೇ, ಹಣ ಕೊಡುವುದು ಸುಲಭ. ಬಚ್ಛರಾಜರು ವರ್ಧೆಯಲ್ಲಿ ಲಕ್ಷ್ಮೀನಾರಾಯಣ ಗುಡಿ ಕಟ್ಟಿಸಿದ್ದರು. 1928ರ ಜುಲೈಯಲ್ಲಿ ಜಮ್ನಾಲಾಲರು ಆ ಗುಡಿಯ ಬಾಗಿಲನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆದರು. ಸ್ವಂತ ಮಾರವಾಡಿ ಸಮಾಜದವರೇ ಮುನಿದರು. ಅವರು ಬಾಗಿಲು ಮುಚ್ಚಲಿಲ್ಲ. ಬೇರೆಯವರ ಗುಡಿಯ ಮುಂದೆ ನಿಂತು ಭಾಷಣ ಮಾಡಿದವರು ಬಹಳ. ತಮ್ಮ ಅಜ್ಜನ ಗುಡಿಯಿಂದ ಮೊದಲು ಮಾಡಿದವರು ಎಷ್ಟು ಜನ? ಹರಳಯ್ಯನವರ ಮನೆಗೆ ಹೆಣ್ಣು ಕೊಟ್ಟ ಮಧುವರಸರ ಹೆಸರು ಹೇಳುವ ನಾವು, ನಮ್ಮ ಹೊಸ್ತಿಲಲ್ಲಿ ಎಷ್ಟು ತಡವರಿಸುತ್ತೇವೆಂಬುದು ನಮಗೂ ಗೊತ್ತು, ನಿಮಗೂ ಗೊತ್ತು.

ಒಂದು ಮಾತು ಹೇಳದೆ ಇರಲಾರೆವು. ಕೆಲವು ವರ್ಷಗಳ ಹಿಂದೆ ಒಬ್ಬ ವ್ಯಾಪಾರಸ್ಥರು ಚುನಾವಣೆಗೆ ನಿಲ್ಲುವ ಮುನ್ನ ಆಶೀರ್ವಾದಕ್ಕೆ ಬಂದರು. ದಾಸೋಹಕ್ಕೆ ದೊಡ್ಡ ಮೊತ್ತ ಕೊಟ್ಟರು. ಗೋಡೆಯಲ್ಲಿ ತಮ್ಮ ಹೆಸರಿನ ಕಲ್ಲು ಕೂಡಿಸಬೇಕೆಂದರು. ಆಗ ಚಾವಣಿ ಸೋರುತ್ತಿತ್ತು. ನಾವು ಬೇಡವೆನ್ನಲಿಲ್ಲ. ಅವರ ತಪ್ಪೆಂದು ಹೇಳುತ್ತಿಲ್ಲ. ಹೂಂ ಎಂದವರು ನಾವು. ಅಂದಿನಿಂದ ಪ್ರಸಾದಕ್ಕೆ ಕುಳಿತಾಗಲೆಲ್ಲ ಆ ಕಲ್ಲು ನಮ್ಮ ಕಣ್ಣಿಗೆ ಬೀಳುತ್ತದೆ.

ಜಮ್ನಾಲಾಲರ ಜಮೀನಿದ್ದ ಶೇಗಾಂವಿನಲ್ಲಿ 1936ರಲ್ಲಿ ಗಾಂಧೀಜಿ ನೆಲೆಸಿದರು. ಆ ಊರಿಗೆ ಬಂದ ಹೆಸರು ಸೇವಾಗ್ರಾಮ. ಕೊಟ್ಟವರ ಹೆಸರು ಅದರಲ್ಲಿಲ್ಲ. ಕೊನೆಗೆ ಜಮ್ನಾಲಾಲರು ಗೋಸೇವೆಗೆ ನಿಂತರು. 1942ರ ಫೆಬ್ರವರಿ 11ರಂದು, ಐವತ್ತೆರಡನೆಯ ವಯಸ್ಸಿನಲ್ಲಿ, ವರ್ಧೆಯಲ್ಲಿಯೇ ತೀರಿಕೊಂಡರು.

ಪೇಟೆಯ ಭಕ್ತರು ಇಲ್ಲಿಯೇ ಕುಳಿತಿದ್ದಾರೆ. ಅವರು ನಾಳೆ ಮಠಕ್ಕೆ ಬರಲಿ, ಕುಳಿತು ಮಾತಾಡೋಣ. ಆ ಕಲ್ಲನ್ನು ತೆಗೆಸುವ ವಿಷಯವನ್ನು ಕೊಟ್ಟವರಿಗೆ ನಾವೇ ಹೋಗಿ ಹೇಳುವವರಿದ್ದೇವೆ. ಈಗ ಹೊತ್ತಾಯಿತು, ಎಲ್ಲರೂ ಪ್ರಸಾದಕ್ಕೆ ಏಳಿರಿ.