ಊರ ದಾರಿಯಲ್ಲಿ ಓಟ



ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೆದ್ದಾರಿಯಲ್ಲಿ ಹೆಚ್ಚುಕಡಿಮೆ 21 ಕಿಲೋಮೀಟರ್. ಅಂದರೆ ಒಂದು ಹಾಫ್ ಮ್ಯಾರಥಾನ್. ಅದೇ ಹುಣಸೂರಿನಿಂದ ಮೈಸೂರಿಗೆ ಸುಮಾರು 45. ಪೂರ್ಣ ಮ್ಯಾರಥಾನಿನ 42.195 ಕಿಲೋಮೀಟರಿಗಿಂತ ತುಸು ಹೆಚ್ಚು. ಬಸ್ಸಿನಲ್ಲಿ ಓಡಾಡಿದ ಈ ದಾರಿಗಳ ಉದ್ದ ಕಾಲಿಗೆ ಗೊತ್ತಾಗುವುದು ಓಡಿದಾಗಲೇ.

ಜನವರಿಯ ಮುಂಬೈ ಮ್ಯಾರಥಾನಿನಂಥ ದೊಡ್ಡ ಓಟಕ್ಕೆ ಹೊರಡುವವರು ಕೆಲವು ವಾರ ಮೊದಲೇ ಹಾಫ್ ಓಡಿ ನೋಡುತ್ತಾರೆ. ಹೊಸ ಶೂ ಎಲ್ಲಿ ಕಚ್ಚುತ್ತದೆ, ಬೆಳಗ್ಗೆ ಏನು ತಿಂದರೆ ಹೊಟ್ಟೆ ಹಗುರ, ನೀರು ಯಾವಾಗ ಬೇಕು, ಎಲ್ಲ ಅಲ್ಲೇ ತಿಳಿಯಬೇಕು.

ಈ ಹಾಫನ್ನು ನಮ್ಮದೇ ಊರಿನಲ್ಲಿ ಓಡುವುದು ನನ್ನ ಪ್ರಕಾರ ಹೆಚ್ಚು ಕಷ್ಟ. ಟೀ ಅಂಗಡಿಯ ಮುಂದೆ ಯಾರೋ "ನೋಡ್ರಪ್ಪ, ನಮ್ಮ ಹುಡುಗಿ!" ಅಂದರೆ ಸಾಕು, ಕಾಲು ತಾನಾಗಿ ಚುರುಕಾಗುತ್ತದೆ. ಆ ಪ್ರೀತಿ ದೊಡ್ಡದು. ಆದರೆ ಪೂರ್ಣ ಮ್ಯಾರಥಾನಿನಲ್ಲಿ ಆ ಅವಸರಕ್ಕೆ ಬೆಲೆ ತೆರಬೇಕು: ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಅನೇಕರಿಗೆ 30 ಕಿಲೋಮೀಟರಿನ ಆಸುಪಾಸಿನಲ್ಲಿ ಬರಿದಾಗುತ್ತದೆ. ಹಾಫ್ ಅದಕ್ಕೂ ಮುಂಚೆಯೇ ಮುಗಿಯುವುದರಿಂದ ಅವಸರದ ತಪ್ಪನ್ನು ಮುಚ್ಚಿಬಿಡುತ್ತದೆ. ಪಕ್ಕದವರೊಡನೆ ಮಾತಾಡುವಷ್ಟು ಉಸಿರು ಉಳಿಸಿಕೊಂಡು ಶುರುಮಾಡಿ, ಕೊನೆಯ ಐದು ಕಿಲೋಮೀಟರಿನಲ್ಲಿ ವೇಗ ಹೆಚ್ಚಿಸಿದರೆ ಆ ತಾಲೀಮು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಅಭ್ಯಾಸಕ್ಕೆ ಕೆ.ಆರ್. ನಗರದ ಗದ್ದೆ ಬಯಲಿನ ದಾರಿಗಳು ಚೆನ್ನ. ಎಚ್.ಡಿ. ಕೋಟೆಯ ಕಾಡಂಚಿನವರಿಗೆ ಮಾತ್ರ ಒಂದು ಮಾತು: ಆನೆ ಓಡಾಡುವ ಕಡೆ ಬೆಳಕು ಹರಿಯುವ ಮುನ್ನ ಓಡಬೇಡಿ, ಜೊತೆಗೊಬ್ಬರಿರಲಿ, ಮನೆಯಲ್ಲಿ ಹೇಳಿ ಹೊರಡಿ.