ರಿಪೋರ್ಟ್ ಎರಡು ಥರ ಬಂದರೆ ಗಾಬರಿ ಬೇಡ, ಉದಾಸೀನವೂ ಬೇಡ

(ಯಲಹಂಕದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಆರೋಗ್ಯ ಮಾಹಿತಿ)



ಗರ್ಭಿಣಿಯರಿಗೆ ಹೆಚ್.ಐ.ವಿ. ಜೊತೆಗೆ ಸಿಫಿಲಿಸ್ ರಕ್ತಪರೀಕ್ಷೆಯನ್ನೂ ಮಾಡುತ್ತಾರೆ. ಅಟ್ಟೂರು, ಕೋಗಿಲು ಕಡೆ ಮನೆ ಭೇಟಿಗೆ ಹೋದಾಗ ನಮ್ಮ ಕೈಗೆ ಎರಡು ರಿಪೋರ್ಟ್ ಕೊಟ್ಟು, "ಸಿಸ್ಟರ್, ಒಂದರಲ್ಲಿ ಪಾಸಿಟಿವ್, ಇನ್ನೊಂದರಲ್ಲಿ ನೆಗೆಟಿವ್. ಯಾವುದು ನಿಜ?" ಅಂತ ಕೇಳುತ್ತಾರೆ. ಅಷ್ಟರಲ್ಲೇ ಮನೆಯಲ್ಲಿ ಜಗಳ ಶುರುವಾಗಿ, ಸೊಸೆಯನ್ನು ತವರಿಗೆ ಕಳಿಸುವ ಮಾತೂ ಬಂದಿರುತ್ತೆ.

ಎಷ್ಟೋ ಸಲ ಎರಡೂ ರಿಪೋರ್ಟ್ ಸರಿಯಾಗಿಯೇ ಇರುತ್ತವೆ. ಯಾಕೆಂದರೆ ಎರಡು ಪರೀಕ್ಷೆಗಳು ನೋಡುವುದು ಬೇರೆ ಬೇರೆ ವಿಷಯ. ವಿ.ಡಿ.ಆರ್.ಎಲ್. ಅಥವಾ ಆರ್.ಪಿ.ಆರ್. ಒಲೆಯ ಹೊಗೆ ಇದ್ದ ಹಾಗೆ: ರೋಗ ಜೋರಾದಾಗ ಏರುತ್ತೆ, ಚಿಕಿತ್ಸೆಯಾದ ಮೇಲೆ ಇಳಿಯುತ್ತೆ. ಟಿ.ಪಿ.ಹೆಚ್.ಎ. ಗೋಡೆಯ ಮಸಿ ಇದ್ದ ಹಾಗೆ: ಬೆಂಕಿ ಆರಿದ ಮೇಲೂ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತೆ.

1. ವಿ.ಡಿ.ಆರ್.ಎಲ್. ಪಾಸಿಟಿವ್, ಟಿ.ಪಿ.ಹೆಚ್.ಎ. ನೆಗೆಟಿವ್: ಹೆಚ್ಚಾಗಿ ಸಿಫಿಲಿಸ್ ಇರುವುದಿಲ್ಲ. ಗರ್ಭಧಾರಣೆ, ಮಲೇರಿಯಾ, ಲೂಪಸ್ ಕಾಯಿಲೆ, ವೃದ್ಧಾಪ್ಯದಲ್ಲೂ ಹೀಗೆ ಬರಬಹುದು. ಕೆಲವು ವಾರಗಳ ನಂತರ ಮತ್ತೆ ಪರೀಕ್ಷಿಸಬೇಕು.

2. ವಿ.ಡಿ.ಆರ್.ಎಲ್. ನೆಗೆಟಿವ್, ಟಿ.ಪಿ.ಹೆಚ್.ಎ. ಪಾಸಿಟಿವ್: ಹಿಂದೆ ವಾಸಿಯಾದ ರೋಗದ ಗುರುತಿರಬಹುದು. ಚಿಕಿತ್ಸೆಯಾಗದ ಹಳೇ ಸೋಂಕು ಅಥವಾ ಈಗಷ್ಟೇ ತಗುಲಿದ ಸೋಂಕೂ ಇರಬಹುದು. ಹಿಂದೆ ಇಂಜೆಕ್ಷನ್ ತಗೊಂಡ ಚೀಟಿ ಇದ್ದರೆ ಜೋಪಾನವಾಗಿಡಿ.

3. ಎರಡೂ ಪಾಸಿಟಿವ್: 1:8, 1:32 ಎಂಬ ಅಂಕಿ ನೋಡುತ್ತಾರೆ. 1:32 ಇದ್ದದ್ದು 1:8ಕ್ಕೆ ಇಳಿದರೆ ಔಷಧಿ ಕೆಲಸ ಮಾಡಿದೆ ಎಂದರ್ಥ. 1:8 ಇದ್ದದ್ದು 1:4 ಆದರೆ ಅದನ್ನು ದೊಡ್ಡ ವ್ಯತ್ಯಾಸ ಅನ್ನಲಾಗದು. ಹೋಲಿಸಬೇಕಾದರೆ ಒಂದೇ ಲ್ಯಾಬ್, ಒಂದೇ ಪರೀಕ್ಷೆ ಇರಲಿ.

4. ಎರಡೂ ನೆಗೆಟಿವ್, ಆದರೆ ಗುಪ್ತಾಂಗದಲ್ಲಿ ನೋವಿಲ್ಲದ ಹುಣ್ಣು: ಸೋಂಕು ಹೊಸದಾದರೆ ರಕ್ತದಲ್ಲಿ ಇನ್ನೂ ಕಾಣದಿರಬಹುದು. ಕೂಡಲೇ ಡಾಕ್ಟರಿಗೆ ತೋರಿಸಿ.

ಗರ್ಭಿಣಿಯರ ವಿಷಯದಲ್ಲಿ ತಡ ಮಾಡಬಾರದು. ಚಿಕಿತ್ಸೆ ಇಲ್ಲದಿದ್ದರೆ ಗರ್ಭಪಾತವಾಗಬಹುದು, ಮಗು ಹೊಟ್ಟೆಯಲ್ಲೇ ಸಾಯಬಹುದು, ಸೋಂಕಿನೊಂದಿಗೆ ಹುಟ್ಟಬಹುದು. ಅದಕ್ಕೇ ಡಾಕ್ಟರು ಎರಡನೇ ರಿಪೋರ್ಟಿಗೆ ಕಾಯದೆ 24 ಲಕ್ಷ ಯೂನಿಟ್ ಬೆಂಜಥಿನ್ ಪೆನಿಸಿಲಿನ್ ಇಂಜೆಕ್ಷನ್ ಕೊಡಬಹುದು. ಅದು ರೋಗ ಖಚಿತವಾಯಿತೆಂಬ ತೀರ್ಪಲ್ಲ, ಮಗುವಿನ ರಕ್ಷಣೆ. ಪೆನಿಸಿಲಿನ್ ಒಗ್ಗದಿದ್ದರೆ ಮೊದಲೇ ಹೇಳಿ. ರೋಗ ಖಚಿತವಾದರೆ ಗಂಡನಿಗೂ ಪರೀಕ್ಷೆ, ಚಿಕಿತ್ಸೆ ಆಗಲೇಬೇಕು. ಇಲ್ಲದಿದ್ದರೆ ಮತ್ತೆ ಅಂಟುತ್ತೆ.

ಒಂದು ರಿಪೋರ್ಟಿನಿಂದ ಯಾರ ನಡತೆಯನ್ನೂ ಅಳೆಯಬೇಡಿ. ಯಾರಿಂದ ಬಂತು, ಯಾವಾಗ ಬಂತು ಅಂತ ಆ ಕಾಗದ ಹೇಳುವುದಿಲ್ಲ. ಹೊಸದು ಹಳೆಯದು ಎಲ್ಲಾ ರಿಪೋರ್ಟ್ ಹಿಡಿದು, ಗಂಡ ಹೆಂಡತಿ ಇಬ್ಬರೂ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಪ್ತಸಮಾಲೋಚಕರ ಹತ್ತಿರ ಕೇಳಿ. 1097ಕ್ಕೆ ಉಚಿತವಾಗಿ ಫೋನ್ ಮಾಡಿಯೂ ಕೇಳಬಹುದು. ಒಬ್ಬರೇ ಹೋಗಲು ಹಿಂಜರಿಕೆಯಾದರೆ ನಮಗೆ ತಿಳಿಸಿ, ಜೊತೆಗೆ ಬರುತ್ತೇವೆ. ನಿಮ್ಮ ವಿಷಯ ನಮ್ಮಲ್ಲೇ ಉಳಿಯುತ್ತೆ.