ಉಂಡಿ ಕೊಡುವ ಮೊದಲು

ಶ್ರಾವಣದ ಪಂಚಮಿ ಬಂತೆಂದರೆ ರಾಯಚೂರು ಸೀಮೆಯ ಮನೆಗಳಲ್ಲಿ ಶೇಂಗಾ ಹುರಿದ ಘಮ. ಶಕ್ತಿನಗರದ ಕಾಲೊನಿಯಲ್ಲಂತೂ, ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಕೆಲಸಕ್ಕೆಂದು ಊರೂರಿನಿಂದ ಬಂದವರ ನಡುವೆ, ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿಗಳ ತಾಟು ಬಾಗಿಲಿಂದ ಬಾಗಿಲಿಗೆ ಹೋಗುತ್ತದೆ.

ಶೇಂಗಾ ಅಲರ್ಜಿ ಇರುವ ಮಗುವಿಗೆ ಆ ತಾಟೇ ಅಪಾಯ. ಚೂರು ತಿಂದರೂ ಮೈಮೇಲೆ ದದ್ದು, ತುಟಿ ಬಾವು, ಕೆಲವೊಮ್ಮೆ ಉಸಿರೇ ಕಟ್ಟೀತು. ಅದೇ ಕೈಯಲ್ಲಿ ಕಟ್ಟಿದ ಪುಟಾಣಿ ಉಂಡಿಗೂ ಶೇಂಗಾ ಪುಡಿ ಅಂಟಿರಬಹುದು. "ಒಂದ್ ಚೂರು ತಿಂದ್ರ ಏನಾಗ್ತದ, ತಿನ್ಲಿ ಬಿಡ್ರಿ" ಎನ್ನುವ ಅಜ್ಜಿಯ ಅಕ್ಕರೆಗೇ ನಾನು ಹೆಚ್ಚು ಹೆದರುತ್ತೇನೆ.

ಅಮೆರಿಕದಲ್ಲಿ ಹ್ಯಾಲೋವೀನ್ ರಾತ್ರಿ ಮಕ್ಕಳು ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. 2014ರಿಂದ ಅಲ್ಲಿ ಹಲವರು ಬಾಗಿಲಲ್ಲಿ ನೀಲಿ-ಹಸಿರು ಬಣ್ಣದ ಕುಂಬಳಕಾಯಿ ಇಡುತ್ತಿದ್ದಾರೆ: ಅಲರ್ಜಿ ಇರುವ ಮಕ್ಕಳಿಗೆ ಇಲ್ಲಿ ತಿನಿಸಲ್ಲದ ಆಟಿಕೆಯೂ ಸಿಗುತ್ತದೆ ಎಂಬ ಗುರುತು. ನಮಗೆ ಆ ಕುಂಬಳಕಾಯಿ ಬೇಕಿಲ್ಲ. ಪಂಚಮಿಗೆ ಜೋಕಾಲಿ ಇದೆಯಲ್ಲ, ಅದು ಎಲ್ಲ ಮಕ್ಕಳಿಗೂ ಒಗ್ಗುತ್ತದೆ!

ಉಸಿರಾಟಕ್ಕೆ ತೊಂದರೆಯಾದರೆ ಮನೆಮದ್ದು ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಿ. ಈ ಸಲ ಯಾವುದೇ ಮಗುವಿನ ಕೈಗೆ ಉಂಡಿ ಇಡುವ ಮೊದಲು ಅದರ ತಾಯಿಯನ್ನು ಒಂದು ಮಾತು ಕೇಳಿರಿ. ಬೇಡವೆಂದರೆ ಒತ್ತಾಯ ಮಾಡಬೇಡಿರಿ.